ಸೋತವನ ಪಾಲು

ಹಾಸಿಗೆಗಳನ್ನು ಒಂದಕ್ಕೊಂದು ತಾಗಿಸಿ ಹಾಕಿ ಎಂದು ಹಟ ಹಿಡಿದವನು ದೋಣಿಯ ಯಜಮಾನನೇ.

ಆಸ್ಪತ್ರೆಯವರು ಮೊದಲು ಒಪ್ಪಲಿಲ್ಲ. ಎರಡು ಮಂಚಗಳ ನಡುವೆ ಒಬ್ಬ ನರ್ಸ್ ನಿಲ್ಲುವಷ್ಟು ಜಾಗ ಇರಬೇಕು, ಅದು ಅಲ್ಲಿಯ ಕ್ರಮ. ಆದರೆ ನಾಲ್ವರನ್ನೂ ಬೇರೆ ಬೇರೆ ಮಲಗಿಸಿದರೆ ಒಬ್ಬನಾದರೂ ಕಣ್ಣು ಮುಚ್ಚಬೇಕಲ್ಲ? ಮಲಗಿದಲ್ಲಿಂದಲೇ ಕೈಚಾಚಿ ಪಕ್ಕದವನಿಗಾಗಿ ತಡಕಾಡುತ್ತಿದ್ದರು. ಬಲೆಯಜ್ಜನಂತೂ ಗಾಳಿಯಲ್ಲಿ ಕೈಯಾಡಿಸಿ, "ಯಾರ್ರೋ ಬಿದ್ದದ್ದು? ನೀರಿಗೆ ಬಿದ್ದವನು ಯಾರು?" ಎಂದು ಕೂಗುತ್ತ ಕೈಗೆ ಚುಚ್ಚಿದ್ದ ಸೂಜಿಯನ್ನೇ ಕಿತ್ತುಕೊಂಡ. ಕೊನೆಗೆ ಡಾಕ್ಟರು ಬಂದು ನೋಡಿ, "ಸೇರಿಸಿ ಹಾಕ್ರಪ್ಪ, ನಿದ್ದೇನೂ ಔಷಧಾನೇ" ಅಂದರು. ಮಂಚದ ಚಕ್ರಗಳು ಕಿರುಗುಟ್ಟುತ್ತ ಒಟ್ಟಿಗೆ ಬಂದವು. ಬಾಗಿಲ ಹತ್ತಿರ ಯಜಮಾನ, ಅವನ ಪಕ್ಕಕ್ಕೆ ಅಳಿಯ ಗುಬ್ಬಿ, ಆಮೇಲೆ ಎಂಜಿನಿನವನು, ಗೋಡೆಯ ಬದಿಗೆ ಬಲೆಯಜ್ಜ. ದೋಣಿಯ ಹಲಗೆಯ ಮೇಲೆ ಮಲಗುತ್ತಿದ್ದ ಸಾಲೇ ಇಲ್ಲಿಯೂ ಬಂತು. ನಾಲ್ವರೂ ಕಲ್ಲಿನಂತೆ ನಿದ್ದೆಹೋದರು.

ಅವರ ದೋಣಿ ಎಂಜಿನ್ ಕೆಟ್ಟು ನಡುಗಡಲಲ್ಲಿ ನಿಂತುಬಿಟ್ಟಿತ್ತು. ಬಿರುಗಾಳಿ ವೈರ್‌ಲೆಸ್ಸಿನ ಕಂಬವನ್ನು ಮುರಿದುಕೊಂಡು ಹೋಯಿತು. ಆಮೇಲೆ ನೀರು ಎತ್ತ ಎಳೆಯಿತೋ ಅತ್ತ. ಮೊದಲು ಅಕ್ಕಿ ಮುಗಿಯಿತು, ಆಮೇಲೆ ದೊಡ್ಡ ಡ್ರಮ್ಮಿನ ನೀರು ಮುಗಿಯಿತು, ಕಡೆಗೆ ದಿನದ ಲೆಕ್ಕವೂ ತಪ್ಪಿತು. ಮಳೆ ಬಂದರೆ ಟಾರ್ಪಾಲಿನಲ್ಲಿ ನಿಂತ ನೀರು. ಗಾಳಕ್ಕೆ ಸಿಕ್ಕಿದರೆ ಒಂದು ಮೀನು. ದಣಿದು ದೋಣಿಯ ಅಂಚಿಗೆ ಕೂತರೆ ಒಂದು ಹಕ್ಕಿ. ಸರಕಿನ ಹಡಗೊಂದು ಅವರನ್ನು ಕಂಡು ಹತ್ತಿರ ಬಂದಾಗ ಕೈಬೀಸುವ ಶಕ್ತಿ ಯಾರಿಗೂ ಇರಲಿಲ್ಲ. ಹಡಗಿನವರು ಹೆಣಗಳೆಂದೇ ತಿಳಿದಿದ್ದರಂತೆ.

ಆ ದೋಣಿಯಲ್ಲಿ ಒಂದು ಕಟ್ಟಳೆ ಹುಟ್ಟಿತ್ತು. ಯಾರೂ ಕೂತು ಮಾಡಿದ್ದಲ್ಲ, ತಾನಾಗಿ ಆದದ್ದು. ಏನೇ ಸಿಗಲಿ, ಯಜಮಾನ ಅದನ್ನು ನೀರಿನ ಕ್ಯಾನಿನ ಮುಚ್ಚಳದಲ್ಲಿ ಅಳೆಯುತ್ತಿದ್ದ. ಅಳೆದು ಕೊಡುವ ಮುಂಚೆ ಒಬ್ಬೊಬ್ಬರ ಮುಖ ನೋಡುತ್ತಿದ್ದ. ಯಾರ ಕಣ್ಣು ಮುಚ್ಚಳದ ಮೇಲೆ ಇಲ್ಲವೋ ಅವನೇ ಸೋತವನು. ಹಸಿವು ಇರುವ ತನಕ ಕಣ್ಣು ತಿನಿಸಿನ ಹಿಂದೆ ಓಡುತ್ತದೆ. ಅದೂ ನಿಂತಿತೆಂದರೆ ಆಸಾಮಿ ಹೊರಟ ಎಂದೇ ಅರ್ಥ. "ಸೋತವನಿಗೆ" ಎಂದು ಯಜಮಾನ ಅಂದರೆ ಸಾಕು, ಉಳಿದವರು ತುಟಿ ಒದ್ದೆ ಮಾಡಿಕೊಂಡು ತಮ್ಮ ಪಾಲನ್ನು ಅವನತ್ತ ದಾಟಿಸುತ್ತಿದ್ದರು. ಈ ಕಟ್ಟಳೆಯ ಋಣ ಯಜಮಾನನಿಗೂ ಇತ್ತು. ಒಂದು ಮಧ್ಯಾಹ್ನ ಅವನಿಗೇ ಆಕಾಶ ಯಾವುದು, ನೀರು ಯಾವುದು ತಿಳಿಯದಂತಾಗಿ ಬಿದ್ದಿದ್ದಾಗ, ಗುಬ್ಬಿ ಅವನ ದವಡೆ ಬಿಡಿಸಿ ಹಕ್ಕಿಯ ರಕ್ತವನ್ನು ಹನಿಹನಿಯಾಗಿ ಬಿಟ್ಟಿದ್ದ. "ಕುಡಿ ಮಾವ, ಹಾಳಾದ್ದು, ನಿನ್ನ ಮಗಳಿಗೆ ನಾನೇನು ಹೇಳಲಿ?" ಎಂದು ಬಯ್ಯುತ್ತ ಬಿಟ್ಟಿದ್ದ.

ಗುಬ್ಬಿ ಎಂದರೆ ಗುಬ್ಬಿಯಲ್ಲ. ಐಸ್ ಫ್ಯಾಕ್ಟರಿಯಲ್ಲಿ ಇಬ್ಬರು ಎತ್ತುವ ಐಸಿನ ಗಡ್ಡೆಯನ್ನು ಒಬ್ಬನೇ ಹೆಗಲಿಗೇರಿಸುತ್ತಿದ್ದ ಆಳು. ಬಾಗಿಲಲ್ಲಿ ನಿಂತರೆ ಕೋಣೆ ಕತ್ತಲಾಗುತ್ತಿತ್ತು. ಆ ಮೈಗೆ ಗುಬ್ಬಿ ಎಂದು ಹೆಸರಿಟ್ಟದ್ದು ಎಂಜಿನಿನವನು. ಕಡಲಿಗೆ ಇಳಿಯುವ ಹುಚ್ಚು ಗುಬ್ಬಿಗೆ ಇರಲಿಲ್ಲ. ಆ ಸಲ ಒಂದು ಕೈ ಕಡಿಮೆ ಬಿತ್ತೆಂದು ಯಜಮಾನನೇ ಬಲವಂತ ಮಾಡಿ ಕರೆದೊಯ್ದಿದ್ದ. ಹೊರಡುವಾಗ ಮಗಳು ದೋಣಿ ನಿಲ್ಲುವ ದಕ್ಕೆಯ ಮೇಲೆ ನಿಂತು, "ಅಪ್ಪಾ, ಕರ್ಕೊಂಡು ಹೋದ ಹಾಗೇ ತಂದುಕೊಡಬೇಕು. ಒಂದು ಕೂದಲು ಕೊಂಕಿದರೂ ನಿನ್ನ ಜೊತೆ ಮಾತಿಲ್ಲ" ಎಂದು ನಕ್ಕಿದ್ದಳು. ಕಡಲಿನ ನಡುವೆ ಯಜಮಾನನನ್ನು ಹಸಿವಿಗಿಂತ ಹೆಚ್ಚಾಗಿ ತಿಂದದ್ದು ಆ ನಗು. ತಂದುಕೊಡಬೇಕು. ಬೇರೇನೂ ಬೇಡ, ಇವನನ್ನು ತಂದು ಅವಳ ಕೈಗೆ ಒಪ್ಪಿಸಬೇಕು.

ತಂದಿದ್ದ. ಎಲುಬಿನ ಗೂಡಾಗಿ ತಂದಿದ್ದರೂ ಉಸಿರಿರುವಂತೆ ತಂದಿದ್ದ.

ಮೊದಲ ಲೋಟ ಬಂದಾಗ ಯಜಮಾನ ಅದರೊಳಗೆ ಬಗ್ಗಿ ನೋಡಿದ. ತಂದವಳು ಆಸ್ಪತ್ರೆಯ ಪಥ್ಯದ ಉಸ್ತುವಾರಿಯವಳು. ಬಿಳಿ ಕೋಟಿನ ಜೇಬಿನಲ್ಲಿ ಉದ್ದನೆಯ ಸ್ಟೀಲ್ ಚಮಚ. ಪ್ರತಿ ಲೋಟವನ್ನೂ ತಾನೇ ಕಲಕಿ, ಎತ್ತಿ ಹಿಡಿದು ಅಳತೆಯ ಗೆರೆ ನೋಡಿ ಕೊಡುವಳು. ಬಂದ ದಿನವೇ ಎಂಜಿನಿನವನು ಅವಳಿಗೆ ಚಮಚದ ಮೇಡಂ ಎಂದು ಹೆಸರಿಟ್ಟಾಗಿತ್ತು.

"ಇದೇನು ಮೇಡಂ?" ಯಜಮಾನ ಕೇಳಿದ.

"ಹಾಲು, ಸಕ್ಕರೆ, ಸ್ವಲ್ಪ ಎಣ್ಣೆ, ಲವಣ."

"ಅದು ಗೊತ್ತಾಯ್ತು. ಇಷ್ಟೇನಾ?"

"ಇಷ್ಟೇ. ಮತ್ತೆ ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು."

"ಬೆಕ್ಕಿಗೂ ಇದಕ್ಕಿಂತ ಜಾಸ್ತಿ ಹಾಕ್ತಾರಲ್ಲ ಮೇಡಂ," ಎಂದ ಎಂಜಿನಿನವನು. ಅವನ ಧ್ವನಿ ತೂತುಬಿದ್ದ ಪೈಪಿನಂತಿತ್ತು, ಆದರೂ ಬಾಯಿ ಸುಮ್ಮನಿರದು.

"ಬೆಕ್ಕು ನಿಮ್ಮಷ್ಟು ಉಪವಾಸ ಬಿದ್ದಿರಲಿಲ್ಲ," ಎಂದಳು ಅವಳೂ ಬಿಟ್ಟುಕೊಡದೆ. "ಹೆಚ್ಚಾದರೆ ಅಪಾಯ. ಮೈ ಒಗ್ಗಬೇಕು, ನಿಧಾನಕ್ಕೆ. ಸರಿನಾ?"

ಸರಿ ಎಂದರು. ಹೆಚ್ಚಾದರೆ ಹೊಟ್ಟೆ ಕೆಡುತ್ತದೆ ಎಂದು ಯಾರಿಗೆ ಗೊತ್ತಿಲ್ಲ? ಹೊಟ್ಟೆ ಕೆಟ್ಟರೆ ಕೆಡಲಿ ಎಂದುಕೊಂಡ ಯಜಮಾನ. ಬದುಕಿದ್ದವನಿಗೆ ತಾನೆ ಹೊಟ್ಟೆ ಕೆಡುವುದು?

ಅವಳು ಪಕ್ಕದ ವಾರ್ಡಿಗೆ ಹೋದಳು. ಯಜಮಾನನ ಕೈಯಲ್ಲಿ ಲೋಟ ಬೆಚ್ಚಗಿತ್ತು. ಅದರ ವಾಸನೆ ಮೂಗಿಗೆ ಬಿದ್ದದ್ದೇ ಬಾಯಲ್ಲಿ ನೀರಲ್ಲ, ನೋವು ಬಂತು, ದವಡೆಯ ಬುಡದಲ್ಲಿ, ಮುಳ್ಳು ಚುಚ್ಚಿದ ಹಾಗೆ. ಎತ್ತಿ ಗಟಗಟ ಸುರಿದುಕೊಳ್ಳಬೇಕೆಂದು ಮೈಯೆಲ್ಲ ಹೊಡೆದುಕೊಂಡಿತು. ಆದರೆ ಅಭ್ಯಾಸ ದೊಡ್ಡದು. ಲೋಟ ತುಟಿಗೆ ಮುಟ್ಟುವ ಮುನ್ನ ಕಣ್ಣು ಸಾಲಿನ ಮೇಲೆ ಹಾದುಹೋಯಿತು. ಅಜ್ಜನ ಕಣ್ಣು ಲೋಟದ ಮೇಲಿತ್ತು. ಎಂಜಿನಿನವನ ಕಣ್ಣು ಲೋಟದೊಳಗೇ ಇತ್ತು. ಗುಬ್ಬಿಯದು ಮಾತ್ರ ಮೇಲಿನ ಫ್ಯಾನಿನ ಮೇಲೆ. ಲೋಟವನ್ನು ಎದೆಯ ಮೇಲೆ ಇಟ್ಟುಕೊಂಡು ಅದು ಅಲ್ಲಿದೆ ಎಂಬುದನ್ನೇ ಮರೆತಿದ್ದ.

"ಸೋತವನಿಗೆ," ಎಂದ ಯಜಮಾನ.

ಮತ್ತೇನೂ ಹೇಳಬೇಕಾಗಲಿಲ್ಲ. ಅಜ್ಜ ಒಂದು ಗುಟುಕು ನುಂಗಿ ಲೋಟವನ್ನು ಎಂಜಿನಿನವನಿಗೆ ಕೊಟ್ಟ. ಎಂಜಿನಿನವನು ತನ್ನದನ್ನೂ ಸೇರಿಸಿ ಇತ್ತ ದಾಟಿಸಿದ. ಯಜಮಾನ ಅಳಿಯನ ತಲೆಯನ್ನು ತೋಳಿನ ಮೇಲೆ ಎತ್ತಿಕೊಂಡು ಮೊದಲು ಅವನದೇ ಲೋಟ, ಆಮೇಲೆ ಉಳಿದವು, ನಿಧಾನವಾಗಿ, ಉಸಿರು ಬಿಡಿಸಿ ಬಿಡಿಸಿ ಕುಡಿಸಿದ. ಖಾಲಿ ಲೋಟಗಳು ಬಂದ ದಾರಿಯಲ್ಲೇ ಹಿಂದಿರುಗಿ ಅವರವರ ಮೇಜಿನ ಮೇಲೆ ಕೂತವು.

"ಬಾಯಿ ಒರೆಸ್ಕೊಳ್ರೋ, ಚಮಚ ಬಂತು," ಎಂದ ಎಂಜಿನಿನವನು.

ಅವಳು ಲೋಟಗಳನ್ನು ಒಂದೊಂದಾಗಿ ಎತ್ತಿ ನೋಡಿ, "ಜಾಣರು" ಎಂದಳು. ನಾಲ್ವರೂ ಶಾಲೆಯ ಹುಡುಗರ ಹಾಗೆ ತಲೆ ತಗ್ಗಿಸಿ ನಗು ನುಂಗಿದರು. ಕಡಲಿನಿಂದ ಬಂದ ಮೇಲೆ ಅದೇ ಮೊದಲ ನಗು.

ಹೀಗೆಯೇ ಪ್ರತಿ ಸಲ ನಡೆಯಿತು.

ಗುಬ್ಬಿ ಚಿಗುರಿಕೊಂಡ. ಅದನ್ನು ಕಂಡವರೆಲ್ಲ ಹೇಳಿದರು. ಮೊದಲು ಕಣ್ಣು ಲೋಟದತ್ತ ತಿರುಗಿತು, ಆಮೇಲೆ ಮಾತು ಬಂತು, ಕೆನ್ನೆಯ ಗುಳಿ ತುಂಬಿತು. ದಿಂಬಿಗೊರಗಿ ಕೂತು, "ಮಾವ, ಮೇಡಂ ಚಮಚ ಕಳೆದುಹೋದರೆ ನಾವೆಲ್ಲ ಸತ್ತಹಾಗೇ ಅಲ್ವಾ?" ಎಂದು ಚಟಾಕಿ ಹಾರಿಸಿದ. ಸಂಜೆ ಮಗಳು ಬಂದಾಗ ಅವಳ ಕೈ ಹಿಡಿದು ಬಿಡಲೇ ಇಲ್ಲ.

ಮಗಳನ್ನು ಒಳಗೆ ಬಿಡುವ ಮುಂಚೆ ಬಾಗಿಲಲ್ಲಿ ಜರಡಿ ಹಿಡಿಯುತ್ತಿದ್ದರು. ಚೀಲ ತೆಗೆದು ತೋರಿಸಬೇಕು, ಸೆರಗು ಕೊಡವಬೇಕು. ಹಸಿದು ಬಂದವರಿಗೆ ಮನೆಯವರು ಪ್ರೀತಿಯಿಂದ ತಂದು ತುರುಕುವ ಒಂದು ಹಣ್ಣು, ಒಂದು ತುಂಡು ರೊಟ್ಟಿ ಎಂಥ ಅನಾಹುತ ಮಾಡೀತು ಎಂದು ಮೇಡಂ ಮೊದಲ ದಿನವೇ ಹೊರಗಿನ ಬೆಂಚಿನ ಮೇಲೆ ಕೂರಿಸಿ ಅವಳಿಗೆ ವಿವರಿಸಿದ್ದಳು. ಮಗಳು ಅಷ್ಟನ್ನೂ ಅಕ್ಷರಶಃ ಪಾಲಿಸಿದಳು. ಅವಳ ಅತ್ತೆ ಡಬ್ಬಿ ಕಟ್ಟಿಕೊಂಡು ಬಂದಾಗ ಬಾಗಿಲಲ್ಲೇ ತಡೆದು, "ನನ್ನ ಮಗನಿಗೆ ನಾನು ಹಾಕೋದಕ್ಕೆ ನಿನ್ನ ಅಪ್ಪಣೆ ಬೇಕಾ?" ಎಂದು ಬಯ್ಯಿಸಿಕೊಂಡಳು, ಡಬ್ಬಿಯನ್ನು ಮಾತ್ರ ಒಳಗೆ ಬಿಡಲಿಲ್ಲ.

ಗುಬ್ಬಿಗೆ ಹಸಿವು ಮರಳಿತ್ತು. "ಒಂದು ಬಿಸ್ಕತ್ತು. ಒಂದೇ ಒಂದು. ಯಾರಿಗೂ ಹೇಳಲ್ಲ," ಎಂದು ಹೆಂಡತಿಯನ್ನು ಗೋಗರೆದ.

"ಹೊಡೆದುಬಿಡ್ತೀನಿ," ಎಂದಳು ಅವಳು. ಹೇಳುವಾಗ ಅತ್ತಳು. ಯಜಮಾನ ಮುಖ ಆಚೆ ತಿರುಗಿಸಿದ. ಎಂಥ ಕಲ್ಲು ಮನಸ್ಸಪ್ಪ ನನ್ನ ಮಗಳದು ಎಂದು ಒಂದು ಗಳಿಗೆ ಅನ್ನಿಸಿತು. ಆದರೇನು, ನಾನಿದ್ದೇನಲ್ಲ ಎಂದು ಮನಸ್ಸಿನಲ್ಲೇ ಅಳಿಯನ ಬೆನ್ನು ತಟ್ಟಿದ.

ದಿನಾ ಬೆಳಿಗ್ಗೆ ರಕ್ತ ತೆಗೆಯುತ್ತಿದ್ದರು, ತೂಕ ನೋಡುತ್ತಿದ್ದರು. ಒಂದು ಬೆಳಿಗ್ಗೆ ಚಮಚದ ಮೇಡಂ ಡಾಕ್ಟರನ್ನು ಕರೆದುಕೊಂಡು ಬಂದು ಸಾಲಿನ ಮುಂದೆ ನಿಂತಳು. ಅವಳ ಹುಬ್ಬು ಗಂಟಿಕ್ಕಿತ್ತು.

"ಇವರು ಮೂವರ ತೂಕ ಏಳ್ತಾನೇ ಇಲ್ಲ ಡಾಕ್ಟ್ರೇ. ಇವರೊಬ್ಬರ ತೂಕ ಮಾತ್ರ ಓಡ್ತಾ ಇದೆ. ಆದರೆ ರಕ್ತದಲ್ಲಿ ಲವಣ ಇಳೀತಾ ಇದೆ. ಸೂಜಿಯಲ್ಲಿ ಹಾಕಿದಷ್ಟೂ ಸಾಲ್ತಾ ಇಲ್ಲ."

ಡಾಕ್ಟರು ಗುಬ್ಬಿಯ ಪಾದವನ್ನು ಹೆಬ್ಬೆರಳಿನಿಂದ ಒತ್ತಿದರು. ಒತ್ತಿದ ಜಾಗ ಮಣ್ಣಿನ ಹಾಗೆ ತಗ್ಗಾಗಿ ಹಾಗೇ ಉಳಿಯಿತು.

"ಇವನದು ಕಡಿಮೆ ಮಾಡಿ," ಎಂದರು. "ಈ ಮೂವರದು ಸ್ವಲ್ಪ ಏರಿಸಿ ನೋಡೋಣ. ಇವನಿಗೆ ಲವಣ ದುಪ್ಪಟ್ಟು."

ಆ ಹೊತ್ತಿನ ಲೋಟಗಳು ಬಂದಾಗ ಯಜಮಾನನ ಪಿತ್ತ ನೆತ್ತಿಗೇರಿತು. ಗುಬ್ಬಿಯ ಲೋಟದಲ್ಲಿ ತಳ ಮುಚ್ಚುವಷ್ಟು; ತಮ್ಮ ಮೂವರ ಲೋಟದಲ್ಲಿ ಗೆರೆಯ ಮೇಲಕ್ಕೆ.

"ಯಾಕೆ ಮೇಡಂ ಇವನಿಗೆ ಕಡಿಮೆ?"

"ಅವರ ಮೈ ತಡ್ಕೊಳ್ತಾ ಇಲ್ಲ. ರಕ್ತ ಸರಿ ಬರಲಿ, ಆಮೇಲೆ ಏರಿಸ್ತೀನಿ."

"ಸರಿಯಿಲ್ಲದವನಿಗೇ ಕಡಿಮೆನಾ?"

"ಸರಿಯಿಲ್ಲ ಅಂತಲೇ ಕಡಿಮೆ. ನೀವು ನಿಮ್ಮದು ಕುಡೀರಿ ಯಜಮಾನ್ರೇ. ನಿಮ್ಮನ್ನ ನೋಡಿದರೆ ನನಗೆ ಭಯ ಆಗುತ್ತೆ." ಪಕ್ಕದ ವಾರ್ಡಿನಿಂದ ಯಾರೋ ಕರೆದರು. ಹೋದಳು.

ಯಜಮಾನ ಅವಳು ಹೋದ ದಿಕ್ಕನ್ನೇ ನೋಡಿದ. ಓದಿದವಳು, ಒಳ್ಳೆಯವಳು, ಇರಬಹುದು. ಆದರೆ ದೋಣಿಯಲ್ಲಿ ಇವಳಿರಲಿಲ್ಲ. ಮುಳುಗುತ್ತಿರುವವನ ಕೈಯಿಂದ ಹಗ್ಗ ಕಿತ್ತು ದಡದಲ್ಲಿ ಕೂತವರಿಗೆ ಕೊಡುತ್ತಿದ್ದಾಳಲ್ಲ?

"ನೋಡಿದ್ರಾ ಅನ್ಯಾಯ," ಎಂದ ಎಂಜಿನಿನವನು. "ಪಾಪದವನ ಪಾಲನ್ನೇ ಕಿತ್ತು ನಮಗೆ ಹಾಕಿದಾಳೆ."

"ನನಗೆ ಒಂದು ಗುಟುಕೂ ಬೇಡ," ಎಂದ ಅಜ್ಜ.

ಆ ಸಲ ತುಟಿ ಒದ್ದೆ ಮಾಡಿಕೊಳ್ಳುವುದನ್ನೂ ಬಿಟ್ಟರು. ತುಂಬಿದ ಮೂರು ಲೋಟಗಳೂ ಒಂದೇ ಬಾಯಿಗೆ ಹೋದವು. ಮುಂದಿನ ಸಲವೂ ಹಾಗೆಯೇ ಆಯಿತು.

ಮರುದಿನ ನಡುಹಗಲು. ಕಿಟಕಿಯಿಂದ ಬಿಸಿಲು ನೆಲದ ಮೇಲೆ ಚೌಕಟ್ಟು ಬಿಡಿಸಿತ್ತು. ಎಂಜಿನಿನವನು ಗುಬ್ಬಿಯ ಊದಿದ ಕಾಲನ್ನು ನೋಡಿ, "ಲೇ, ಕಾಲು ನೋಡೋ, ಆನೆಗೆ ಆನೆ ಕಾಲು ವಾಪಸ್ ಬಂತು" ಎಂದ. ಗುಬ್ಬಿ ನಗಲಿಲ್ಲ. ಕೈಯ ಬೆರಳುಗಳನ್ನು ಮಡಚಿ ಬಿಡಿಸಿ, "ಮಾವ, ಕೈಯಲ್ಲಿ ಇರುವೆ ಓಡಾಡ್ತಿವೆ" ಎಂದ. ಸ್ವಲ್ಪ ಹೊತ್ತಿಗೆ, "ದೋಣಿ ಯಾಕೆ ಇಷ್ಟು ಹೊಯ್ದಾಡ್ತಿದೆ?" ಎಂದು ಕೇಳಿದ.

ಯಜಮಾನ ಅವನ ಹಣೆ ಮುಟ್ಟಿದ. ಜ್ವರವಿರಲಿಲ್ಲ. "ಇದು ಆಸ್ಪತ್ರೆ ಕಣೋ. ದೋಣಿ ಎಲ್ಲಿದೆ?"

"ಹೊಯ್ದಾಡ್ತಿದೆ," ಎಂದ ಗುಬ್ಬಿ. ದಿಂಬಿನಿಂದ ಎದ್ದು ಕೂತ. ಬಾಯಿ ತೆರೆದು ಉಸಿರೆಳೆದ. ಉಸಿರು ಅರ್ಧಕ್ಕೇ ಕಡಿಯಿತು. ಮತ್ತೆ ಎಳೆದ. ಅವನ ಕತ್ತಿನ ನರ ಒಮ್ಮೆ ಹೊಡೆದುಕೊಂಡು, ತಡೆದು, ಮೂರು ಸಲ ಒಟ್ಟಿಗೆ ಹೊಡೆದುಕೊಂಡದ್ದು ಯಜಮಾನನಿಗೆ ಕಣ್ಣಾರೆ ಕಾಣಿಸಿತು. ಎಂಜಿನ್ ನಿಲ್ಲುವ ಮುಂಚೆ ಹೀಗೆಯೇ ಆಗಿತ್ತು.

"ಸಿಸ್ಟರ್!" ಯಜಮಾನ ಕೂಗಿದ. ಇಷ್ಟು ದಿನ ಎಲ್ಲಿತ್ತೋ ಆ ದನಿ. "ಸಿಸ್ಟರ್, ಬನ್ನಿ!"

ಬಂದರು. ಓಡಿ ಬಂದರು. ಮಂಚಗಳ ನಡುವೆ ನಿಲ್ಲಲು ಜಾಗವಿರಲಿಲ್ಲ. ಒಬ್ಬ ನರ್ಸ್ ಎಂಜಿನಿನವನ ಕಾಲುಗಳನ್ನು ದಾಟಿಕೊಂಡು ಬಂದಳು, ಇನ್ನೊಬ್ಬಳು ಯಜಮಾನನ ಹಾಸಿಗೆಯ ಮೇಲೆಯೇ ಮೊಣಕಾಲೂರಿದಳು. "ಎಳೀರಿ, ಹೊರಗೆ ಎಳೀರಿ!" ಎಂದು ಯಾರೋ ಕಿರುಚಿದರು. ಗುಬ್ಬಿಯ ಮಂಚ ಸಾಲಿನಿಂದ ಕಿತ್ತುಕೊಂಡು ಹೊರಟಿತು. ಯಜಮಾನನ ಕೈ ಅಳಿಯನ ಅಂಗಿಯ ತುದಿಯನ್ನು ಹಿಡಿದಿತ್ತು. ನರ್ಸ್ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಬಾಗಿಲು ಮುಚ್ಚಿತು. ನೆಲದ ಮೇಲೆ ಬಿಸಿಲಿನ ಚೌಕಟ್ಟು ಹಾಗೇ ಇತ್ತು. ಯಜಮಾನನಿಗೆ ಏನಾಯಿತೆಂದೇ ತಿಳಿಯಲಿಲ್ಲ. ಮೊನ್ನೆ ಮೊನ್ನೆ ಚಟಾಕಿ ಹಾರಿಸಿದವನು. ಎಲ್ಲರಿಗಿಂತ ಹೆಚ್ಚು ಕುಡಿದವನು. ಎಲ್ಲರಿಗಿಂತ ಗಟ್ಟಿಯಾದವನು. ಸೋತವರು ನಾವು ಮೂವರು. ಹೋಗುವುದಾದರೆ ನಾವು ಹೋಗಬೇಕು. ಲೆಕ್ಕ ಎಲ್ಲೂ ಕೂಡಲಿಲ್ಲ.

ಹೊರಗೆ ಮಾತು ಕೇಳಿಸಿತು. ಬಾಗಿಲ ಪಕ್ಕದ ಹಾಸಿಗೆ ಅವನದು. ಮೆಲ್ಲಗೆ ಆಡಿದರೂ ಕೇಳುತ್ತಿತ್ತು.

"ನಿಜ ಹೇಳಮ್ಮ," ಡಾಕ್ಟರ ಧ್ವನಿ. "ಬಯ್ಯೋದಿಲ್ಲ. ಏನು ತಿನ್ನಿಸಿದೆ?"

"ಏನೂ ಇಲ್ಲ ಡಾಕ್ಟ್ರೇ."

"ನಾವು ಕೊಟ್ಟಷ್ಟರಲ್ಲಿ ಹೀಗೆ ಆಗೋದಕ್ಕೆ ಸಾಧ್ಯವೇ ಇಲ್ಲ. ಎಷ್ಟೋ ಪಟ್ಟು ಹೆಚ್ಚು ಹೊಟ್ಟೆಗೆ ಹೋಗಿದೆ. ಎಷ್ಟು ಅಂತ ಗೊತ್ತಾದರೆ ನಮಗೂ ದಾರಿ ಸಿಗುತ್ತೆ. ಗಂಡ ಬೇಡಿದಾನೆ, ನೀನು ಕೊಟ್ಟಿದೀಯ. ಯಾರಾದರೂ ಕೊಡ್ತಾರೆ. ಎಷ್ಟು?"

"ಕೊಟ್ಟಿಲ್ಲ. ಬೇಡಿದರು. ನಾನು ಕೊಡಲಿಲ್ಲ." ಮಗಳ ಧ್ವನಿ ಒಡೆಯಿತು. "ಒಂದು ಬಿಸ್ಕತ್ತು ಕೇಳಿದರು. ಅದನ್ನೂ ಕೊಡಲಿಲ್ಲ."

"ದಿನಾ ಬರ್ತಾ ಇದ್ದದ್ದು ನೀನೊಬ್ಬಳೇ ಅಲ್ವಾ?" ಇದು ಅವಳ ಅತ್ತೆ. "ನನ್ನ ಡಬ್ಬಿ ತಡೆದೆ. ನೀನೇನು ಹಾಕಿದೆ? ನನ್ನ ಮಗನಿಗೆ ಏನು ಹಾಕಿದೆ?"

ಆಗ ಯಜಮಾನನಿಗೆ ಗೊತ್ತಾಯಿತು. ತಿಳಿವಳಿಕೆ ನಿಧಾನವಾಗಿ ಬರಲಿಲ್ಲ. ತಣ್ಣೀರಿಗೆ ಬಿದ್ದ ಹಾಗೆ, ಒಮ್ಮೆಲೇ, ಕಿವಿಯವರೆಗೆ. ಎಂಜಿನಿನವನ ಕಡೆ ನೋಡಿದ. ಎಂಜಿನಿನವನು ಅವನನ್ನೇ ನೋಡುತ್ತಿದ್ದ, ಬಾಯಿ ತೆರೆದುಕೊಂಡು.

ಯಜಮಾನ ಹಾಸಿಗೆಯಿಂದ ಇಳಿದ. ಕಾಲು ನಿಲ್ಲಲಿಲ್ಲ. ನೆಲ ಹಿಡಿದು, ಸೂಜಿಯ ಕಂಬವನ್ನು ಎಳೆದುಕೊಂಡು, ಮೊಣಕಾಲಿನ ಮೇಲೆ ಬಾಗಿಲ ತನಕ ಹೋಗಿ ಭುಜದಿಂದ ತಳ್ಳಿದ. ಹೊರಗಿದ್ದವರ ಕಾಲುಗಳು ಕಂಡವು. ತಲೆ ಎತ್ತಿದ.

"ಅವಳಲ್ಲ," ಎಂದ. "ನಾವು. ನಮ್ಮ ಲೋಟ."

ಡಾಕ್ಟರು ಬಗ್ಗಿದರು. "ಏನು?"

"ನಮ್ಮ ಲೋಟ ಅವನಿಗೆ ಹಾಕಿದ್ವಿ. ಮೂರೂ ಜನ. ಬಂದ ದಿನದಿಂದ. ಎಲ್ಲ ಸಲಾನೂ."

ಚಮಚದ ಮೇಡಂ ಗೋಡೆಗೆ ಆತುಕೊಂಡಳು. "ನಿನ್ನೆ ನಾನು ಏರಿಸಿದ್ದು?"

"ಅದೂ."

ಡಾಕ್ಟರು ಗುಬ್ಬಿಯನ್ನು ಒಯ್ದ ಕೋಣೆಗೆ ಓಡಿದರು. ಮಗಳು ಓಡಲಿಲ್ಲ. ನೆಲದ ಮೇಲಿದ್ದ ಅಪ್ಪನನ್ನು ನೋಡಿದಳು, ಯಾರನ್ನೋ ಗುರುತು ಹಿಡಿಯಲು ಯತ್ನಿಸುವವರ ಹಾಗೆ.

ಯಜಮಾನನನ್ನು ಇಬ್ಬರು ಎತ್ತಿ ಹಾಸಿಗೆಗೆ ಹಾಕಿದರು. ಮೇಡಂ ಅವನ ಪಕ್ಕದ ಖಾಲಿ ಜಾಗದಲ್ಲಿ, ಗುಬ್ಬಿಯ ಮಂಚ ಇದ್ದಲ್ಲಿ, ನಿಂತಳು.

"ಹಾಲು ತಾನೆ ಮೇಡಂ," ಎಂದ ಅವನು. "ವಿಷವಲ್ಲವಲ್ಲ. ಹಾಲು."

"ಹಸಿದವರ ಹೊಟ್ಟೆ ಒಂದೇ ಖಾಲಿ ಇರೋದಿಲ್ಲ ಯಜಮಾನ್ರೇ. ರಕ್ತದಲ್ಲಿ, ಮಾಂಸದಲ್ಲಿ ಇರಬೇಕಾದ ಲವಣಗಳೂ ಖಾಲಿ. ಊಟ ಬಿದ್ದ ತಕ್ಷಣ ಮೈ ಅದನ್ನು ಅರಗಿಸೋದಕ್ಕೆ ಅಂತ ಇರೋ ಚೂರುಪಾರನ್ನೂ ಎಳ್ಕೊಂಡು ಬಿಡುತ್ತೆ. ಹೃದಯಕ್ಕೆ ಅಂತ ಉಳಿಯೋದೇ ಇಲ್ಲ. ಅದಕ್ಕೇ ಚೂರು ಚೂರು. ಅದಕ್ಕೇ ಗೆರೆ." ಅವಳು ಕೈಯಲ್ಲಿದ್ದ ಚಮಚವನ್ನು ನೋಡಿಕೊಂಡಳು. "ಮನೆಯವರಿಗೆಲ್ಲ ಹೇಳಿದ್ದೆ. ಬಾಗಿಲಲ್ಲಿ ತಪಾಸಣೆ ಇಟ್ಟಿದ್ದೆ. ನಿಮಗೆ ಹೇಳಬೇಕು ಅಂತ ಹೊಳೆಯಲೇ ಇಲ್ಲ. ಹಸಿದವನು ತನ್ನ ಬಾಯಿಂದ ತೆಗೆದು ಇನ್ನೊಬ್ಬನಿಗೆ ಕೊಡ್ತಾನೆ ಅಂತ ನಮಗೆ ಯಾರೂ ಕಲಿಸಲಿಲ್ಲ."

"ಬದುಕ್ತಾನಾ?"

ಅವಳು ಉತ್ತರ ಕೊಡುವ ಮುಂಚೆ ಆಚೆಯ ಕೋಣೆಯಿಂದ ಕೂಗು ಕೇಳಿಸಿತು. ಮಗಳದಲ್ಲ. ಅತ್ತೆಯದು.

ಎಂಜಿನಿನವನು ಎದ್ದು ಕೂತ. "ಇಲ್ಲ," ಎಂದ. "ಇಲ್ಲ, ಇಲ್ಲ. ಕಡಲು ದಾಟಿ ಬಂದವನು. ಹಾಲು ಕುಡಿದು ಹೋಗ್ತಾನಾ?" ಅವನು ಯಾರನ್ನು ಕೇಳುತ್ತಿದ್ದನೋ. ಕೇಳುತ್ತಲೇ ಇದ್ದ, ಅಜ್ಜ ಅವನ ಬಾಯಿಯ ಮೇಲೆ ಕೈಯಿಡುವ ತನಕ.

ಯಜಮಾನ ಅಳಲಿಲ್ಲ. ಅಳಬೇಕೆಂದು ತಿಳಿಯಲಿಲ್ಲ. ತನ್ನ ಎಡತೋಳನ್ನು ನೋಡಿಕೊಂಡ. ಅಳಿಯನ ತಲೆಯ ಭಾರ ಇನ್ನೂ ಅಲ್ಲೇ ಇತ್ತು. ಉಸಿರು ಬಿಡಿಸಿ ಬಿಡಿಸಿ ಕುಡಿಸಿದ ತೋಳು. ನೆತ್ತಿಗೆ ಹತ್ತಬಾರದೆಂದು ಎಷ್ಟು ಜೋಪಾನ ಮಾಡಿದ್ದ.

ದೇಹವನ್ನು ಒಯ್ದರು. ಮಗಳು ಬಂದು ಅವನನ್ನು ನೋಡಲಿಲ್ಲ.

ಆಮೇಲೆ ಲೋಟಗಳು ಬಂದವು. ಅವು ಬರಲೇಬೇಕು, ಅವುಗಳಿಗೆ ಯಾರ ಸಾವೂ ಗೊತ್ತಿಲ್ಲ. ಮೇಡಂ ಮೂರು ಮೇಜಿನ ಮೇಲೆ ಮೂರು ಇಟ್ಟಳು. ಗೆರೆಯನ್ನು ಹಿಂದಿನ ಮಟ್ಟಕ್ಕೇ ಇಳಿಸಿದ್ದಳು. ಈ ಸಲ ಎಲ್ಲಿಗೂ ಹೋಗಲಿಲ್ಲ, ಗೋಡೆಯ ಪಕ್ಕ ನಿಂತಳು.

ಯಾರೂ ಮುಟ್ಟಲಿಲ್ಲ. ಗುಬ್ಬಿಯ ಮಂಚ ಹೋದ ಮೇಲೆ ನಡುವೆ ಉಳಿದಿದ್ದ ಜಾಗವನ್ನು ಎಂಜಿನಿನವನು ಯಾವಾಗಲೋ ತನ್ನ ಮಂಚವನ್ನು ಕಾಲಿನಿಂದ ತಳ್ಳಿಕೊಂಡು ಮುಚ್ಚಿದ್ದ. ಅಜ್ಜನದೂ ಜೊತೆಗೆ ಬಂದಿತ್ತು. ಮೂರೂ ಒಂದಾಗಿದ್ದವು.

"ಕುಡೀರಿ," ಎಂದಳು ಮೇಡಂ. "ನೀವು ಮೂವರೂ ಬಂದಾಗಿಂದ ಉಪವಾಸ. ಹೀಗೇ ಬಿಟ್ಟರೆ ನೀವೂ ಉಳಿಯೋದಿಲ್ಲ. ಕೈ ಮುಗೀತೀನಿ."

ಯಜಮಾನನ ಕಣ್ಣು ಕಿಟಕಿಯ ಮೇಲಿತ್ತು. ಅಲ್ಲಿ ಏನೂ ಇರಲಿಲ್ಲ. ಎದುರಿನ ಕಟ್ಟಡದ ಗೋಡೆ, ಒಂದು ಕೊಳವೆ, ಕೊಳವೆಯಿಂದ ಇಳಿದ ತುಕ್ಕಿನ ಕಲೆ. ಹಸಿವು ಎಂಬುದು ಎಲ್ಲೋ ಇಳಿದುಹೋಗಿತ್ತು. ಹಗುರವಾಗಿತ್ತು. ಹೀಗೇ ಮಲಗಿದ್ದರೆ ಆಯಿತು.

ಪಕ್ಕದಲ್ಲಿ ಏನೋ ಅಲುಗಿದ್ದು ಗೊತ್ತಾಯಿತು. ಅಜ್ಜನ ಲೋಟ ಎಂಜಿನಿನವನ ಕೈಗೆ ಬಂದಿತ್ತು. ಎಂಜಿನಿನವನು ಎರಡೂ ಲೋಟಗಳನ್ನು ಹಿಡಿದು ಯಜಮಾನನತ್ತ ಚಾಚಿದ್ದ. ಓರೆಯಾದ ಲೋಟಗಳಿಂದ ಹಾಲು ಹೊದಿಕೆಯ ಮೇಲೆ ಚೆಲ್ಲುತ್ತಿತ್ತು. ಅವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಆದರೂ ಕೈ ಹಿಂದಕ್ಕೆ ಹೋಗಲಿಲ್ಲ.

"ಸೋತವನಿಗೆ," ಎಂದ ಅಜ್ಜ, ಗೋಡೆಯ ಕಡೆಯಿಂದ.

ಯಜಮಾನ ಲೋಟಗಳನ್ನು ನೋಡಿದ. ಬೇಡ ಎನ್ನಲು ಬಾಯಿ ತೆರೆದ. ಅಭ್ಯಾಸವೆಂದರೆ ಅಭ್ಯಾಸ, ಬಾಯಿ ತೆರೆದದ್ದು ಕುಡಿಯಲು ಎಂದೇ ಎಂಜಿನಿನವನು ಲೋಟವನ್ನು ತುಟಿಗೆ ತಂದ. ಗೋಡೆಯ ಬಳಿಯಿಂದ ಮೇಡಂ "ಅಯ್ಯೋ, ಬೇಡ!" ಎಂದು ಕೂಗಿ ಮುಂದೆ ಬಂದಳು. ಮಂಚಗಳ ನಡುವೆ ಅವಳಿಗೆ ದಾರಿಯಿರಲಿಲ್ಲ.

ಬಾಗಿಲಲ್ಲಿ ಮಗಳು ನಿಂತಿದ್ದಳು. ಯಾವಾಗ ಬಂದಳೋ. ಗಂಡನ ಬಟ್ಟೆಗಳನ್ನು ತುಂಬಿದ ಆಸ್ಪತ್ರೆಯ ಚೀಲ ಕೈಯಲ್ಲಿತ್ತು. ಅದನ್ನು ನೆಲದ ಮೇಲಿಟ್ಟಳು. ಬಂದಳು. ಅಪ್ಪನ ಮಂಚದ ಕಾಲುಗಳ ಬದಿಯಲ್ಲಿ ನಿಂತು, ಕಬ್ಬಿಣದ ಪಟ್ಟಿಯನ್ನು ಎರಡೂ ಕೈಯಿಂದ ಹಿಡಿದು ಎಳೆದಳು. ಚಕ್ರ ಕಿರುಗುಟ್ಟಿತು. ಇನ್ನೊಮ್ಮೆ ಎಳೆದಳು. ಯಜಮಾನನ ತುಟಿಯಿಂದ ಲೋಟ ದೂರವಾಯಿತು, ಎಂಜಿನಿನವನ ಕೈ ಗಾಳಿಯಲ್ಲಿ ಉಳಿಯಿತು. ಆಮೇಲೆ ಎಂಜಿನಿನವನ ಮಂಚವನ್ನು ಅಜ್ಜನದರಿಂದ ಬಿಡಿಸಿದಳು. ಒಬ್ಬರು ನಿಲ್ಲುವಷ್ಟು ಜಾಗ, ಎರಡು ಕಡೆ. ಯಾರೂ ಅವಳನ್ನು ತಡೆಯಲಿಲ್ಲ.

ಎಂಜಿನಿನವನ ಕೈಯಿಂದ ಲೋಟಗಳನ್ನು ತೆಗೆದುಕೊಂಡು ಬೆಳಕಿಗೆ ಎತ್ತಿ ಗೆರೆ ನೋಡಿದಳು. ಚೆಲ್ಲಿದ್ದಷ್ಟನ್ನು ಮೇಡಂ ತುಂಬಿಕೊಟ್ಟಳು. ಮಗಳು ಒಂದನ್ನು ಅಜ್ಜನ ಕೈಗೆ ಕೊಟ್ಟಳು, ಒಂದನ್ನು ಎಂಜಿನಿನವನಿಗೆ.

"ನಿಮ್ಮದು ನೀವು," ಎಂದಳು. ಅವಳ ಧ್ವನಿಯಲ್ಲಿ ಏನೂ ಇರಲಿಲ್ಲ, ಸಿಟ್ಟು ಕೂಡ.

ಸ್ಟೂಲನ್ನು ಎಳೆದುಕೊಂಡು ಅಪ್ಪನ ಮಂಚಕ್ಕೂ ಎಂಜಿನಿನವನ ಮಂಚಕ್ಕೂ ನಡುವೆ ಕೂತಳು. ಅಪ್ಪನ ಮೇಜಿನ ಮೇಲಿದ್ದ ಲೋಟವನ್ನು ಅವನ ಕೈಗಿಟ್ಟಳು. ಮುಖ ನೋಡಲಿಲ್ಲ, ಲೋಟವನ್ನೇ ನೋಡಿದಳು.

"ಮಗಳೇ," ಎಂದ ಅವನು.

"ಕುಡಿ."

ಅವನ ಕಣ್ಣು ತಾನಾಗಿ ಸಾಲಿನ ಮೇಲೆ ಹಾಯಲು ಹೊರಟಿತು. ಅಡ್ಡಲಾಗಿ ಅವಳ ಭುಜವಿತ್ತು. ಆಚೆ ಯಾರು ನುಂಗುತ್ತಿದ್ದಾರೆ, ಯಾರು ಇಲ್ಲ, ಕಾಣಲಿಲ್ಲ.

ಕುಡಿದ. ಒಂದು ಗುಟುಕಿಗೆ ಗಂಟಲು ತಾನಾಗಿ ನಿಂತಿತು. ಅದಕ್ಕೆ ಗೊತ್ತಿದ್ದದ್ದು ಅಷ್ಟೇ. ಅವಳು ಕೈಯೆತ್ತಿ ಲೋಟದ ತಳವನ್ನು ಬೆರಳಿನಿಂದ ಮೇಲಕ್ಕೆ ಒತ್ತಿದಳು. ಮತ್ತೆ ಕುಡಿದ. ಆಚೆಯಿಂದ ಎಂಜಿನಿನವನು ಬಿಕ್ಕಿ ನುಂಗುವ ಸದ್ದು ಬಂತು. ಇಷ್ಟು ದಿನದ ಲೋಟಗಳಲ್ಲಿ ಒಂದನ್ನೂ ಯಜಮಾನ ತಳದ ತನಕ ಕುಡಿದಿರಲಿಲ್ಲ. ತಳದಲ್ಲಿ, ಚಮಚಕ್ಕೂ ಕರಗದೆ, ಸಕ್ಕರೆ ಉಳಿದಿತ್ತು. ಅದು ಅಷ್ಟು ಸಿಹಿ ಎಂದು ಅವನಿಗೆ ಗೊತ್ತಿರಲಿಲ್ಲ.